ನಲವತ್ತೆಂಟು ಅಂಕಿ, ನಲವತ್ತೈದು ನುಡಿ

“‘ನಾವು’ ಅಂದ್ರೆ ಯಾರು? ಹೆಸರು ಹೇಳು ನೋಡೋಣ, ಹೆಸರು!”

ಹಾಲ್ವರ್ ಅಡುಗೆಮನೆಯ ಮೇಜಿಗೆ ಗುದ್ದಿದ ರಭಸಕ್ಕೆ ವಾಫಲ್ ಹಿಟ್ಟಿನ ಪಾತ್ರೆ ಗೇಣುದ್ದ ಹಾರಿ ಕೂತಿತು. ಎದುರಿಗಿದ್ದ ಕಂಪ್ಯೂಟರಿನ ನೀಲಿ ಪರದೆ ಮಾತ್ರ ಹೆದರಲಿಲ್ಲ. ‘ಏನೋ ಎಡವಟ್ಟಾಗಿದೆ. ನಾವು ಸರಿಪಡಿಸಲು ಪ್ರಯತ್ನಿಸುತ್ತಿದ್ದೇವೆ’ ಎಂಬ ಬರಹ ಬೆಳಿಗ್ಗೆ ಎಂಟರಿಂದ ಅದರ ಮೇಲೆ ನಿಂತಿತ್ತು.

“ಎಂಟು ಗಂಟೆಯಿಂದ ‘ನಾವು ನಾವು’ ಅಂತಿದೆ. ಮೂವತ್ತೊಂದು ವರ್ಷ ಫೆರಿಯಲ್ಲಿ ಕಾರುಗಳಿಗೆ ಟಿಕೆಟ್ ಕೊಟ್ಟಿದ್ದೀನಿ ನಾನು. ಫೆರಿ ತಡವಾದಾಗ ‘ನಾವು ಪ್ರಯತ್ನಿಸುತ್ತಿದ್ದೇವೆ’ ಅಂತ ಒಂದು ದಿನ ಹೇಳಿದ್ದುಂಟಾ? ‘ಕ್ಯಾಪ್ಟನ್ ಇನ್ನೂ ಎದ್ದಿಲ್ಲ’ ಅಂತ ಮುಖಕ್ಕೆ ಹೇಳ್ತಿದ್ದೆ!”

“ಕೂಗಾಡಿದ್ರೆ ಅದಕ್ಕೇನು ಕಿವಿ ಇದೆಯಾ?” ಎಂದಳು ಹೆಂಡತಿ ಗುನ್ವೋರ್. “ಆ ಪ್ಲಗ್ ಬಿಡು. ನನ್ನ ವಾಫಲ್ ಕಾವಲಿಗೆ ಬೇಕು.”

“ಪ್ಲಗ್ ಮುಟ್ಟಿದ್ರೆ ನೋಡು ಮತ್ತೆ!”

“ನಿನ್ನೆ ಸಂಜೆ ನೀನೇ ಕಿತ್ತು ಕೊಟ್ಟೆಯಲ್ಲ.”

“ನಿನ್ನೆ ನಿನ್ನೆ. ಇವತ್ತು ಇವತ್ತು.”

ಈ ತತ್ತ್ವಕ್ಕೆ ಗುನ್ವೋರ್ ಉತ್ತರ ಹುಡುಕುವಷ್ಟರಲ್ಲಿ ಪರದೆ ತಾನಾಗಿ ಬದಲಾಯಿತು. ವ್ಯವಸ್ಥೆಯ ಕಡತಗಳು ಹಾಳಾಗಿವೆ, ತಾನಾಗಿ ಸರಿಪಡಿಸಲು ಆಗಲಿಲ್ಲ, ಮುಂದುವರಿಯಬೇಕಾದರೆ ನಲವತ್ತೆಂಟು ಅಂಕಿಗಳ ಬೀಗದ ಸಂಖ್ಯೆ ಕೊಡಿ ಎಂದು ಅದು ಕೇಳಿತು. ಕೆಳಗೆ ಎಂಟು ಖಾಲಿ ಮನೆಗಳಿದ್ದವು. ಒಂದೊಂದಕ್ಕೆ ಆರಾರು ಅಂಕಿ.

“ನಲವತ್ತೆಂಟಾ?” ಹಾಲ್ವರನ ಧ್ವನಿ ಕೀರಲಾಯಿತು. “ರಾಷ್ಟ್ರದ ಬ್ಯಾಂಕಿಗೂ ಇಷ್ಟು ದೊಡ್ಡ ಬೀಗ ಇರಲಿಕ್ಕಿಲ್ಲ. ನನ್ನದೇ ಪೆಟ್ಟಿಗೆ, ನನ್ನದೇ ಹಾಡು, ನನ್ನನ್ನೇ ಬಾಗಿಲಲ್ಲಿ ನಿಲ್ಲಿಸಿ ಯಾರು ನೀನು ಅಂತದೆ!”

ಹಾಡಿನ ವಿಷಯ ಇಲ್ಲೇ ಹೇಳಿಬಿಡಬೇಕು. ಬರುವ ಭಾನುವಾರ ಗುನ್ವೋರಳ ತಾಯಿ ಬೋರ್ಗಿಲ್ಡಳಿಗೆ ತೊಂಬತ್ತು ತುಂಬುತ್ತಿತ್ತು. ಗ್ರಾಮಭವನದಲ್ಲಿ ಎಪ್ಪತ್ತು ಜನಕ್ಕೆ ಊಟ. ನಾರ್ವೆಯ ಈ ಹೆಲ್ಲೆವಿಕ್ ಊರಿನಲ್ಲಿ ಹುಟ್ಟುಹಬ್ಬಕ್ಕೆ ಊಟವಿಲ್ಲದಿದ್ದರೂ ನಡೆದೀತು, ಹಾಡಿಲ್ಲದೆ ನಡೆಯುವುದಿಲ್ಲ. ಮನೆಯವರೇ ಯಾರಾದರೂ ಹುಟ್ಟುಹಬ್ಬದವರ ಬಾಳನ್ನೆಲ್ಲ ಪ್ರಾಸಕ್ಕೆ ಸಿಕ್ಕಿಸಿ, ಎಲ್ಲರಿಗೂ ಗೊತ್ತಿರುವ ಧಾಟಿಗೆ ಹೊಂದಿಸಿ, ಅಚ್ಚು ಹಾಕಿಸಿ ತಟ್ಟೆಯ ಪಕ್ಕ ಇಡಬೇಕು. ಸಾರು ಮುಗಿದು ಮಾಂಸ ಬರುವುದರೊಳಗೆ ಎಲ್ಲರೂ ಗಂಟಲು ಬಿಚ್ಚಿ ಹಾಡಬೇಕು. ಹತ್ತು ನುಡಿ ಇದ್ದರೆ ಮರ್ಯಾದೆ, ಹದಿನೈದಿದ್ದರೆ ಹೆಸರು. ಹಾಲ್ವರ್ ಅತ್ತೆಯ ಬಾಳಿನ ಎರಡೆರಡು ವರ್ಷಕ್ಕೆ ಒಂದರಂತೆ ನಲವತ್ತೈದು ನುಡಿ ಬರೆದಿದ್ದ. ಎರಡು ಚಳಿಗಾಲದ ಕೆಲಸ. “ಮಾಂಸ ಆರಿಹೋಗ್ತದೆ” ಎಂದು ಗುನ್ವೋರ್ ಒಮ್ಮೆ ಹೇಳಿ ನೋಡಿದ್ದಳು. “ಕಾವ್ಯ ಬಿಸಿಯಾಗಿದ್ರೆ ಸಾಕು” ಎಂದಿದ್ದ.

ಹಾಡಿಗೆ ಇನ್ನೊಂದು ಪ್ರತಿ ಇರಲಿಲ್ಲ. ಕಾಗದಕ್ಕೆ ಇಳಿಸಿದರೆ ಯಾರಾದರೂ ಪ್ರಾಸ ಕದಿಯುತ್ತಾರೆ. “ಮೋಡದಲ್ಲಿ ಇಟ್ಟುಬಿಡು, ಈಗ ಎಲ್ಲರೂ ಅಲ್ಲೇ ಇಡ್ತಾರೆ” ಎಂದವರಿಗೆ ಅವನು, “ನಮ್ಮೂರ ಮೋಡದಲ್ಲಿ ಏನಿಟ್ರೂ ಮಧ್ಯಾಹ್ನದೊಳಗೆ ಸುರಿದು ಹೋಗ್ತದೆ” ಎಂದು ಉತ್ತರಿಸಿದ್ದ. ಊರಿನ ಅಚ್ಚಿನ ಅಂಗಡಿ ಶುಕ್ರವಾರ ಮೂರು ಗಂಟೆಗೆ ಬಾಗಿಲು ಹಾಕಿದರೆ ತೆಗೆಯುವುದು ಸೋಮವಾರ. ಇವತ್ತು ಗುರುವಾರ.

ಇಷ್ಟೇ ಆಗಿದ್ದರೆ ಹಾಲ್ವರ್ ಸಹಿಸಿಕೊಳ್ಳುತ್ತಿದ್ದನೋ ಏನೋ. ಸಹಿಸಲಾಗದ್ದು ಬೇರೆ ಇತ್ತು. ಆ ನಲವತ್ತೆಂಟು ಅಂಕಿಗಳ ಚೀಟಿ ಇದ್ದದ್ದು ಡೆನ್ಮಾರ್ಕಿನಲ್ಲಿ, ಅವನ ಷಡ್ಡಕ ಪ್ರೆಬೆನ್ನನ ಪರ್ಸಿನಲ್ಲಿ.

ಪ್ರೆಬೆನ್ ಗುನ್ವೋರಳ ತಂಗಿ ಸೋಲ್ವಿಯ ಗಂಡ, ನಿವೃತ್ತ ಡ್ರೈವಿಂಗ್ ಮೇಷ್ಟ್ರು. ಕ್ರಿಸ್‌ಮಸ್ಸಿಗೆ ಬಂದಿದ್ದಾಗ ಈ ಕಂಪ್ಯೂಟರನ್ನು ಕೂಡಿಸಿ ಕೊಟ್ಟವನು ಅವನೇ. “ಈ ಚೀಟಿ ಜೋಪಾನ ಭಾವ” ಎಂದು ಕೊಡಬಂದಾಗ ಹಾಲ್ವರ್ ನಕ್ಕಿದ್ದ. “ನಮ್ಮೂರಲ್ಲಿ ಮನೆಬಾಗಿಲಿಗೇ ಬೀಗ ಹಾಕಲ್ಲ, ಪೆಟ್ಟಿಗೆಗೆ ಬೀಗವಾ? ನೀನೇ ಇಟ್ಕೋ. ನಿಮ್ಮ ದೇಶದಲ್ಲಿ ಕಳ್ಳರು ಜಾಸ್ತಿ, ಬೇಕಾದೀತು.” ಪ್ರೆಬೆನ್ ಇಟ್ಟುಕೊಂಡ. ಅದಕ್ಕಿಂತ ಘೋರವಾದ ವಿಷಯವೆಂದರೆ ಪ್ರೆಬೆನ್ನನೂ ಹಾಡು ಬರೆಯುತ್ತಾನೆ. ಗುನ್ವೋರಳ ಅರವತ್ತಕ್ಕೆ ಅವನು ಬರೆದ ಹಾಡಿಗೆ ಊರಿನ ಪಾದ್ರಿ ಕುರ್ಚಿ ಹತ್ತಿ ಚಪ್ಪಾಳೆ ತಟ್ಟಿದ್ದರು. ಹಾಲ್ವರನ ಹಾಡಿಗೆ ಅವರು ಕೂತೇ ಇದ್ದರು, ಅದೂ ಕಣ್ಣು ಮುಚ್ಚಿ.

ಅಷ್ಟರಲ್ಲಿ ಪಕ್ಕದ ಮನೆಯ ತೊರ್ಫಿನ್ ವಾಫಲಿನ ಆಸೆಯಿಂದ ಮೆಟ್ಟಿಲ ಬಳಿ ಬಂದು ನಿಂತ. ಗುನ್ವೋರ್ ಬಾಗಿಲಿಗೆ ಬಂದಳು.

“ಏನಮ್ಮಾ ಇದು ಕೂಗಾಟ? ನಮ್ಮ ಕುರಿಗಳೆಲ್ಲ ಬೇಲಿ ಬಿಟ್ಟು ಆ ಕಡೆ ಓಡಿದ್ವು.”

“ಬೆಳಿಗ್ಗೆಯಿಂದ ಹೀಗೇ ತೊರ್ಫಿನ್. ನೆನಪೆಲ್ಲ ಹೋಗಿಬಿಟ್ಟಿದೆ,” ಎಂದು ಗುನ್ವೋರ್ ನಿಟ್ಟುಸಿರಿಟ್ಟಳು. “ರಾತ್ರಿ ಮಲಗೋವರೆಗೂ ಎಲ್ಲಾ ಚೆನ್ನಾಗಿತ್ತು ಅಂದ್ಕೊಂಡಿದ್ವಿ. ಈಗ ಏನು ಕೇಳಿದ್ರೂ ಅದೇ ಒಂದು ಮಾತು.”

ತೊರ್ಫಿನ್ ಅವಳ ಭುಜದಾಚೆ ಕತ್ತು ಚಾಚಿದ. ಒಳಗಿನಿಂದ ಹಾಲ್ವರನ ಧ್ವನಿ ಬಂತು. “ಯಾರು ನೀನು? ನನ್ನ ಮನೇಲಿ ಕೂತು ನನ್ನನ್ನೇ ಗುರುತಿಲ್ಲ ಅಂತೀಯಾ? ಹೆಸರು ಹೇಳು!”

ತೊರ್ಫಿನ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ವಾಫಲ್ ಕೇಳಲಿಲ್ಲ. ಈ ಮೂವತ್ತು ವರ್ಷಗಳಲ್ಲಿ ಅದೇ ಮೊದಲ ಸಲ.

*

“ಭಾವಾ! ಹಾಡು ಮುಗೀತಾ?” ಪ್ರೆಬೆನ್ ಫೋನಿನಲ್ಲಿ ಕೇಳಿದ.

“ಹಾಡಿಗೇನು, ಯಾವತ್ತೋ ಮುಗಿದಿದೆ,” ಎಂದ ಹಾಲ್ವರ್ ಹಲ್ಲು ಕಚ್ಚಿ. “ಆ ಚೀಟಿ ಒಂದು ಚೂರು ಬೇಕಾಗಿತ್ತು. ಫೋಟೊ ತೆಗೆದು ಕಳಿಸು.”

“ನನ್ನ ಫೋನಿಗೆ ಗುಂಡಿ ಇದೆ ಭಾವ, ಕಣ್ಣಿಲ್ಲ. ಯಾಕೆ, ಪೆಟ್ಟಿಗೆ ಕೈ ಕೊಡ್ತಾ? ಹಾಡು ಒಳಗೇ ಸಿಕ್ಕಿಹಾಕ್ಕೊಂಡಿದೆಯಾ? ಚಿಂತೆ ಮಾಡಬೇಡ ಮಾರಾಯ. ನನ್ನ ಹತ್ತಿರ ಒಂದಿದೆ. ಆರೇ ನುಡಿ. ನಡುನಡುವೆ ಚಪ್ಪಾಳೆ.”

“ಹಾಡು ಬೇಡ, ಚೀಟಿ ಓದು,” ಎಂದ ಹಾಲ್ವರ್.

ಡೆನ್ಮಾರ್ಕಿನವರು ಐವತ್ತಕ್ಕೆ ‘ಅರೆಮೂರು’ ಎನ್ನುತ್ತಾರೆ. ಎರಡು ಇಪ್ಪತ್ತು ಪೂರ್ತಿ, ಮೂರನೆಯ ಇಪ್ಪತ್ತು ಅರ್ಧ ಎಂದು ಅದರ ಲೆಕ್ಕ. ಇಪ್ಪತ್ತು ಎಂಬ ಮಾತು ಬಾಯಿಗೆ ಭಾರವೆಂದು ಎಂದೋ ಬಿಟ್ಟುಬಿಟ್ಟಿದ್ದಾರೆ. ಹಾಗೆಯೇ ಎಪ್ಪತ್ತು ‘ಅರೆನಾಲ್ಕು’, ತೊಂಬತ್ತು ‘ಅರೆಐದು’. ಜೊತೆಗೆ ಬಿಡಿಯನ್ನು ಮೊದಲು ಹೇಳಿ ಹತ್ತನ್ನು ಆಮೇಲೆ ಹೇಳುತ್ತಾರೆ. ಗೊತ್ತಿದ್ದವರಿಗೆ ಇದು ಸುಲಭ. ಗೊತ್ತಿಲ್ಲದವರು ಕೇಳಿ ತಿಳಿಯಬಹುದು. ಆದರೆ ಹಾಲ್ವರ್ ಮೂವತ್ತನಾಲ್ಕು ಕ್ರಿಸ್‌ಮಸ್ಸುಗಳಲ್ಲಿ ಪ್ರೆಬೆನ್ನನ ಎದುರೇ, “ಡ್ಯಾನಿಶ್ ಅನ್ನೋದು ಬೇರೆ ಭಾಷೆಯೇ ಅಲ್ಲ, ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಕೊಂಡು ಆಡೋ ನಮ್ಮ ಮಾತು. ನನಗೆ ಒಂದಕ್ಷರ ಬಿಡದೆ ಅರ್ಥವಾಗ್ತದೆ” ಎಂದು ಹೇಳಿಕೊಂಡು ಬಂದಿದ್ದ. ಅಂಥವನು ಈಗ ಕೇಳುವುದು ಹೇಗೆ?

“ಏಳರ ಮೇಲೆ ಅರೆಮೂರು,” ಎಂದ ಪ್ರೆಬೆನ್.

ಹಾಲ್ವರ್ ‘ಏಳು, ಒಂದೂವರೆ’ ಎಂದು ಬರೆದುಕೊಂಡ.

“ನಾಲ್ಕರ ಮೇಲೆ ಅರೆಐದು.”

‘ನಾಲ್ಕು, ಎರಡೂವರೆ.’

“ಒಂದರ ಮೇಲೆ ಅರೆಐದು. ಗೊತ್ತಾಗ್ತಿದೆ ತಾನೇ?”

“ಗೊತ್ತಾಗದೆ ಏನು ಬಂತು? ಬೇಗ ಬೇಗ ಹೇಳು!”

ಪ್ರೆಬೆನ್ ಬೇಗ ಬೇಗ ಹೇಳಿದ. ಕೊನೆಗೆ ಹಾಲ್ವರನ ಕಾಗದದ ಮೇಲೆ ಹನ್ನೊಂದು ಅರ್ಧಗಳು ಜಮಾಯಿಸಿದ್ದವು. ಅವನು ಕನ್ನಡಕ ಏರಿಸಿ ಕೀಲಿಮಣೆಯ ಈ ತುದಿಯಿಂದ ಆ ತುದಿಯವರೆಗೆ ಹುಡುಕಿದ.

“ಅರ್ಧದ ಗುಂಡಿನೇ ಇಲ್ಲ ಇದರಲ್ಲಿ! ಸಾವಿರಾರು ಕ್ರೋನರ್ ಸುರಿದು ತಂದಿದ್ದೀನಿ, ಒಂದು ಅರ್ಧ ಬರೆಯೋಕ್ಕಾಗಲ್ಲ ಅಂದ್ರೆ ಇದೂ ಒಂದು ಕಂಪ್ಯೂಟರಾ?”

“ನಮ್ಮ ಡೆನ್ಮಾರ್ಕಿನ ಕೀಲಿಮಣೇಲಿ ಇದೆಯಪ್ಪ,” ಎಂದ ಪ್ರೆಬೆನ್. “ಎಡಗಡೆ ಮೂಲೇಲಿ. ಆದ್ರೆ ನಿನಗ್ಯಾಕೆ ಅರ್ಧ?”

ಗುನ್ವೋರ್ ಕಾಗದವನ್ನು ನೋಡಿದಳು. ಗಂಡನನ್ನು ನೋಡಿದಳು. ಫೋನು ಕಸಿದುಕೊಂಡಳು. ತಂಗಿಯ ದೆಸೆಯಿಂದ ಅವಳಿಗೆ ಆ ಕಡೆಯ ಎಣಿಕೆ ಚೆನ್ನಾಗಿ ಗೊತ್ತಿತ್ತು. “ನಾನು ಕೇಳಿ ಹೇಳ್ತೀನಿ, ನೀನು ಒತ್ತು.”

ಇಲ್ಲಿಗೆ ಕಷ್ಟ ಮುಗಿಯಬೇಕಿತ್ತು. ಆದರೆ ಆ ಮನೆಯಲ್ಲಿ ಎಣಿಕೆಗಳು ಎರಡಿದ್ದವು. ಗುನ್ವೋರ್ ತಾಯಿಯಿಂದ ಕಲಿತ ಹಳೆಯ ನಾರ್ವೆಯ ಲೆಕ್ಕದವಳು. ಅವಳಿಗೆ ಐವತ್ತೇಳು ಎಂದರೆ ‘ಏಳು-ಐವತ್ತು’. ಹಾಲ್ವರ್ ಶಾಲೆಯಲ್ಲಿ ಕಲಿತ ಹೊಸ ಲೆಕ್ಕದವನು. ಅವನಿಗೆ ಅದು ‘ಐವತ್ತು-ಏಳು’. ನಲವತ್ತು ವರ್ಷದ ಸಂಸಾರದಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಹೊಂದಿಕೊಂಡಿದ್ದರು. ಹೊಂದಿಕೊಂಡದ್ದೇ ಮುಳುವಾಯಿತು. ಗಂಡನಿಗೆ ಸುಲಭವಾಗಲೆಂದು ಅವಳು ಅವನ ರೀತಿಯಲ್ಲಿ “ಐವತ್ತು-ಏಳು” ಎಂದಳು. ಹೆಂಡತಿ ಎಂದಿನಂತೆ ತನ್ನ ರೀತಿಯಲ್ಲೇ ಹೇಳಿರುತ್ತಾಳೆಂದು ಅವನು ಅದನ್ನು ತಿರುವಿ ಎಪ್ಪತ್ತೈದು ಒತ್ತಿದ. ಹೀಗೆ ಪರಸ್ಪರ ಪ್ರೀತಿಯಿಂದ ನಲವತ್ತೆಂಟೂ ಅಂಕಿಗಳು ತಲೆಕೆಳಗಾದವು.

‘ಸಂಖ್ಯೆ ತಪ್ಪಾಗಿದೆ’ ಎಂದಿತು ಪರದೆ. ಇನ್ನೊಮ್ಮೆ ಒತ್ತಿದರು. ಈ ಸಲ ಅವಳು ತನ್ನ ರೀತಿಗೆ ಮರಳಿದ್ದಳು, ಅವನು ತಿರುವುವುದನ್ನು ಬಿಟ್ಟಿದ್ದ. ‘ಸಂಖ್ಯೆ ತಪ್ಪಾಗಿದೆ.’

“ಬೇಕಂತಲೇ ತಪ್ಪು ಹೇಳ್ತಿದಾನೆ!” ಹಾಲ್ವರ್ ಫೋನಿಗೆ ಬಾಯಿ ಹಾಕಿ ಅರಚಿದ. “ನನ್ನ ಹಾಡು ಪೆಟ್ಟಿಗೇಲೇ ಸಾಯಲಿ, ಭಾನುವಾರ ತನ್ನ ಚಪ್ಪಾಳೆ ಹಾಡು ಹಾಡಿಸೋಣ ಅಂತ! ನಾನೂರು ವರ್ಷ ಡೆನ್ಮಾರ್ಕಿನವರು ನಾರ್ವೆಯನ್ನ ಆಳಿದ್ದು ಸಾಲದೇನಯ್ಯಾ ನಿಮಗೆ? ಈಗ ನಮ್ಮ ಅತ್ತೆಯ ಹುಟ್ಟುಹಬ್ಬಾನೂ ಬೇಕಾ?”

“ಅವರು ನನಗೂ ಅತ್ತೆ, ಭಾವ,” ಎಂದು ಪ್ರೆಬೆನ್ ಫೋನಿಟ್ಟ.

*

ಮಧ್ಯಾಹ್ನದ ಹೊತ್ತಿಗೆ ಮೊದಲ ಕೇಕು ಬಂತು. ಚರ್ಚಿನ ಗಾಯನ ಮಂಡಳಿಯ ಹೆಂಗಸರು ಇಬ್ಬರು ತಂದರು. ಬಾಗಿಲಲ್ಲಿ ನಿಂತು, ಪುಟ್ಟ ಮಗುವಿನೊಡನೆ ಆಡುವಂತೆ ಒಂದೊಂದೇ ಮಾತು ಬಿಡಿಸಿ ಆಡಿದರು.

“ಹಾಲ್ವರ್. ವಿಷಯ. ಗೊತ್ತಾಯ್ತು. ತುಂಬ. ಬೇಜಾರಾಯ್ತು.”

ಹಾಲ್ವರನ ಕಣ್ಣು ತುಂಬಿ ಬಂತು. ತನ್ನ ಹಾಡಿಗಾಗಿ ಊರು ಇಷ್ಟು ಮರುಗುತ್ತದೆಂದು ಅವನು ಎಣಿಸಿರಲಿಲ್ಲ. “ಎಲ್ಲಾ ಹೋಯ್ತು ಕಣಮ್ಮಾ,” ಎಂದ. “ಎರಡು ಚಳಿಗಾಲದ್ದು ಒಂದೂ ಇಲ್ಲ. ಮೊದಲನೇದು ನೆನಪಿದೆ, ಕೊನೇದು ನೆನಪಿದೆ. ನಡುವೆ ಬರೀ ಕತ್ತಲೆ.”

ಒಬ್ಬಳು ಮುಖ ತಿರುಗಿಸಿ ಮೂಗು ಒರೆಸಿಕೊಂಡಳು.

ನಾಲ್ಕು ಗಂಟೆಗೆ ಫೆರಿಯ ಹಳೆಯ ಕ್ಯಾಪ್ಟನ್ ಬಂದು ಹಾಲ್ವರನ ಎರಡೂ ಕೈ ಹಿಡಿದುಕೊಂಡ. “ನಾನು ಯಾರು ಹೇಳು ನೋಡೋಣ?”

“ಬೆಳಿಗ್ಗೆ ಏಳದೆ ಇದ್ದವನು,” ಎಂದ ಹಾಲ್ವರ್.

ಕ್ಯಾಪ್ಟನ್ ಸಂತೋಷದಿಂದ ಗುನ್ವೋರಳ ಕಡೆ ತಿರುಗಿ, “ಹಳೇದೆಲ್ಲ ಇದೆಯಮ್ಮಾ! ಹೊಸದು ಮಾತ್ರ ಹೋಗಿದೆ,” ಎಂದ. ಅವಳು ಕಂಪ್ಯೂಟರಿನ ವಿಷಯವೆಂದುಕೊಂಡು ಹೌದು ಎಂದು ತಲೆಯಾಡಿಸಿದಳು. ಸಂಜೆಯೊಳಗೆ ಕೇಕುಗಳು ಐದಾದವು. ಒಂದು ಜೊತೆ ಉಣ್ಣೆಯ ಕಾಲುಚೀಲ ಬೇರೆ ಬಂತು. ಬಲಗಾಲಿನದಕ್ಕೆ ‘ಬಲ’ ಎಂದು, ಎಡಗಾಲಿನದಕ್ಕೆ ‘ಎಡ’ ಎಂದು ಹೆಣೆದಿತ್ತು.

*

ಮುರಿದ ಕಾಲಿಗೆ ಮೂರು ವಾರ ಕಾಯಿಸುವ ಪುರಸಭೆ ಮರುದಿನ ಬೆಳಿಗ್ಗೆ ಹತ್ತೂವರೆಗೇ ಬಂದು ಬಾಗಿಲು ಬಡಿಯಿತು. ಮರ್ಯಾದೆ ಹೋಗುವ ಕೆಲಸಕ್ಕೆ ಮಾತ್ರ ಸರಕಾರದ ಕಾಲಿಗೆ ಚಕ್ರ ಇರುತ್ತದೆ. ಬಂದವಳು ಯೋರುನ್ ಎಂಬ ನರ್ಸು. ಕೊರಳಲ್ಲಿ ಗುರುತಿನ ಚೀಟಿ, ಕಂಕುಳಲ್ಲಿ ಕಾಗದದ ಹಲಗೆ.

“ಪುರಸಭೆಯ ನೆನಪಿನ ತಂಡದಿಂದ ಬಂದಿದ್ದೀನಿ.”

“ಅಬ್ಬಾ! ತೆರಿಗೆ ಕಟ್ಟಿದ್ದು ಒಂದು ಸಲವಾದ್ರೂ ಸಾರ್ಥಕವಾಯ್ತು!” ಹಾಲ್ವರ್ ಅವಳನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಒಳಗೆ ಕರೆತಂದ. “ಬನ್ನಿ ಬನ್ನಿ. ಮೇಜಿನ ಕೆಳಗಿದೆ.”

“ಏನು ಮೇಜಿನ ಕೆಳಗಿದೆ?”

“ನೆನಪು.”

ಯೋರುನ್ ಬರೆದುಕೊಂಡಳು. “ಇವತ್ತು ಯಾವ ವಾರ ಹೇಳ್ತೀರಾ?”

“ಶುಕ್ರವಾರ! ಅದೇ ಕಣಮ್ಮಾ ಗೋಳು! ಮೂರು ಗಂಟೆಯೊಳಗೆ ವಾಪಸ್ ಬರದಿದ್ರೆ ಎಪ್ಪತ್ತು ಜನದ ಮುಂದೆ ನನ್ನ ಮಾನ ಹೋಗ್ತದೆ.”

“ಯಾವಾಗಿಂದ ಹೀಗಾಗಿದೆ?”

“ನಿನ್ನೆ ಬೆಳಿಗ್ಗೆಯಿಂದ. ಅದು ತಾನಾಗೇ ಕೆಟ್ಟಿದ್ದು. ನಾನೇನೂ ಮಾಡಿಲ್ಲ.”

“ನಿಮ್ಮ ತಪ್ಪು ಅಂತ ಯಾರೂ ಹೇಳ್ತಿಲ್ಲ,” ಎಂದಳು ಯೋರುನ್ ಬಹಳ ಮೃದುವಾಗಿ. “ಈಗ ಒಂದು ಸಣ್ಣ ಕೆಲಸ ಮಾಡೋಣ. ನೂರರಿಂದ ಏಳೇಳು ಕಳೀತಾ ಬನ್ನಿ.”

ಇದು ಬೀಗ ತೆಗೆಯುವ ಹೊಸ ವಿಧಾನವಿರಬೇಕೆಂದು ಹಾಲ್ವರ್ ತಿಳಿದ. ಹೆಂಡತಿಗೆ ಕಣ್ಸನ್ನೆ ಮಾಡಿ ಕೀಲಿಮಣೆಯ ಮುಂದೆ ಕೂರಿಸಿದ. ಸರಿಯಾಗಿ ಆಗಲೇ ಫೋನು ಮೊಳಗಿತು. ಗುನ್ವೋರ್ ಎಲ್ಲರಿಗೂ ಕೇಳುವಂತೆ ಗುಂಡಿ ಒತ್ತಿ ಮೇಜಿನ ಮೇಲಿಟ್ಟಳು.

“ನಾನು ಪ್ರೆಬೆನ್. ಸೋಲ್ವಿ ನಿನ್ನೆಯಿಂದ ನನಗೆ ಊಟ ಹಾಕಿಲ್ಲ. ಅದಕ್ಕೆ ಇನ್ನೊಂದೇ ಒಂದು ಸಲ ಹೇಳ್ತೀನಿ. ಏಳರ ಮೇಲೆ ಅರೆಮೂರು…”

“ತೊಂಬತ್ತಮೂರು,” ಎಂದ ಹಾಲ್ವರ್ ನರ್ಸಿಗೆ. ಗುನ್ವೋರ್ ಅದನ್ನೇ ಒತ್ತಿದಳು.

“ನಾಲ್ಕರ ಮೇಲೆ ಅರೆಐದು…”

“ಎಂಬತ್ತಾರು!”

“ಯಾರದು ಮಾತಾಡ್ತಿರೋದು?” ಎಂದಳು ಯೋರುನ್.

“ನನ್ನ ಷಡ್ಡಕ.”

ಅವಳು ಧ್ವನಿ ತಗ್ಗಿಸಿದಳು. “ಅವರಿಗೂ ಇದೆಯಾ?”

“ಅವನಿಗೆ ಹುಟ್ಟಿದಾಗಿನಿಂದ ಇದೆ. ಎಪ್ಪತ್ತೊಂಬತ್ತು!”

“ಒಂದರ ಮೇಲೆ ಅರೆಐದು! ಯಾರು ಅಲ್ಲಿ ನಡುವೆ ಬಾಯಿ ಹಾಕ್ತಿರೋದು? ಎಪ್ಪತ್ತೊಂಬತ್ತು ನಾನು ಹೇಳೇ ಇಲ್ಲ!”

“ಯಾವುದು ಒತ್ತಲಿ? ನಿನ್ನದಾ, ಅವನದ್ದಾ?” ಎಂದು ಗುನ್ವೋರ್ ಚೀರಿದಳು.

“ಎಪ್ಪತ್ತೆರಡು! ಅರವತ್ತೈದು! ನಾನು ಸರಿಯಾಗೇ ಹೇಳ್ತಿದ್ದೀನಿ, ಪೆಟ್ಟಿಗೇದೇ ಕಳ್ಳಾಟ! ಈ ಮನೇಲಿ ನನ್ನ ಲೆಕ್ಕಕ್ಕೆ ಬೆಲೆಯೇ ಇಲ್ಲ!”

“ಲೈನಿನಲ್ಲಿ ಒಬ್ಬರೇ ಮಾತಾಡಬೇಕು.”

ಧ್ವನಿ ದೊಡ್ಡದೇನೂ ಇರಲಿಲ್ಲ. ಆದರೂ ಎಲ್ಲರ ಬಾಯಿ ಒಟ್ಟಿಗೆ ಮುಚ್ಚಿತು. ಹಿತ್ತಲ ಬಾಗಿಲಿನಲ್ಲಿ ಊರುಗೋಲು ಹಿಡಿದು ಬೋರ್ಗಿಲ್ಡ್ ನಿಂತಿದ್ದಳು. ಐದು ಕೇಕು ಬಂದಿವೆ ಎಂಬ ಸುದ್ದಿ ಕೇಳಿ ತನ್ನ ಮನೆಯಿಂದ ನಡೆದುಕೊಂಡೇ ಬಂದಿದ್ದಳು. ಕೋಟು ತೆಗೆದು ಮೊಳೆಗೆ ಹಾಕಿ, ಫೋನಿನ ಮುಂದೆ ಕೂತು, ಬೆನ್ನು ನೆಟ್ಟಗೆ ಮಾಡಿಕೊಂಡಳು.

“ಹೆಲ್ಲೆವಿಕ್ ಎಕ್ಸ್‌ಚೇಂಜ್. ಹೇಳಿ.”

ಮೂವತ್ಮೂರು ವರ್ಷ ಊರಿನ ಟೆಲಿಫೋನ್ ಹಲಗೆಯ ಮುಂದೆ ಕೂತು ತಂತಿ ಚುಚ್ಚಿದ ಧ್ವನಿ ಅದು. ಪ್ರೆಬೆನ್ ಡೆನ್ಮಾರ್ಕಿನಲ್ಲಿ ಎದ್ದು ನಿಂತದ್ದು ಕುರ್ಚಿಯ ಸದ್ದಿನಿಂದ ಗೊತ್ತಾಯಿತು.

“ಏ… ಏಳರ ಮೇಲೆ ಅರೆಮೂರು, ಅತ್ತೆ.”

“ಐದು, ಏಳು. ಮುಂದೆ.”

“ನಾಲ್ಕರ ಮೇಲೆ ಅರೆಐದು.”

“ಒಂಬತ್ತು, ನಾಲ್ಕು. ಮುಂದೆ. ನಿದ್ದೆ ಮಾಡಬೇಡ.”

ಡೆನ್ಮಾರ್ಕಿನ ಸ್ಕಾಗನ್ ಬಂದರಿನ ಮೀನು ದಲ್ಲಾಳಿಗಳು ಕುಡಿದು ಕೂಗುತ್ತಿದ್ದ ನಂಬರುಗಳನ್ನೇ ತಪ್ಪಿಲ್ಲದೆ ಕೂಡಿಸಿದವಳಿಗೆ ಈ ಚೀಟಿ ಯಾವ ಲೆಕ್ಕ? ಅವಳು ಒಂದೊಂದೇ ಅಂಕಿ ಹೇಳಿದಳು, ಗುನ್ವೋರ್ ಒಂದೊಂದೇ ಒತ್ತಿದಳು. ಹಾಲ್ವರ್ ನಡುವೆ ಒಮ್ಮೆ, “ಅತ್ತೆ, ಅದು ತಿರುವಿದ್ದಾ, ತಿರುವದೇ ಇದ್ದದ್ದಾ…” ಎಂದು ಬಾಯಿ ತೆರೆದ. ಅವಳು ಅವನ ಕಡೆ ನೋಡದೆ, “ನಿಮ್ಮ ಸರದಿ ಬಂದಾಗ ಕರೀತೀವಿ,” ಎಂದಳು. ಅಲ್ಲಿಯೂ ‘ವಿ’! ಆದರೆ ಈ ‘ನಾವು’ ಯಾರೆಂದು ಕೇಳುವ ಧೈರ್ಯ ಹಾಲ್ವರನಿಗೆ ಬರಲಿಲ್ಲ. ಮೂರು ನಿಮಿಷದಲ್ಲಿ ಎಂಟೂ ಮನೆ ತುಂಬಿದವು. ಬೀಗ ತೆರೆಯಿತು.

“ಒಂದೊಂದೇ ಅಂಕಿ ಹೇಳಪ್ಪಾ ಅಂತ ಅವರಿಗೆ ನಿನ್ನೆಯೇ ಹೇಳಬಹುದಿತ್ತಲ್ಲ?” ಎಂದಳು ಯೋರುನ್.

ಗುನ್ವೋರ್ ಕೇಕು ಕತ್ತರಿಸತೊಡಗಿದಳು.

ಈಗ ಯೋರುನ್ ಮೇಜಿನ ಕೆಳಗಿನ ಪೆಟ್ಟಿಗೆಯನ್ನು ನೋಡಿದಳು, ಮೇಲಿನ ಪರದೆಯನ್ನು ನೋಡಿದಳು, ತನ್ನ ಕಾಗದದಲ್ಲಿ ‘ನೆನಪು ಮೇಜಿನ ಕೆಳಗೆ’ ಎಂದು ಬರೆದದ್ದನ್ನು ನೋಡಿದಳು. “ನೆನಪು ಹೋಗಿರೋದು ಇದಕ್ಕಾ?”

“ಮತ್ತೆ ಯಾರಿಗೆ ಅಂದ್ಕೊಂಡ್ರಿ?” ಎಂದ ಹಾಲ್ವರ್. ಅವಳು ಹೇಳಿದಳು. ಐದು ಕೇಕು, ಕಾಲುಚೀಲ, ಕ್ಯಾಪ್ಟನ್, ಮೂಗು ಒರೆಸಿಕೊಂಡವಳು, ಎಲ್ಲರೂ ಒಟ್ಟಿಗೆ ಅವನ ತಲೆಯಲ್ಲಿ ಸಾಲಾಗಿ ನಿಂತರು. ಅವನ ಮುಖ ಬೇಯಿಸಿದ ಸೀಗಡಿಯ ಬಣ್ಣಕ್ಕೆ ತಿರುಗಿತು.

“ನನಗೆ ಅರಳುಮರುಳು ಅಂತ ಕೇಕು ಕೊಟ್ರಾ? ಹಾಡಿಗಲ್ಲವಾ? ಎಲ್ಲಾ ವಾಪಸ್ ಕಳಿಸು ಗುನ್ವೋರ್, ಒಂದು ತುಂಡೂ ಬೇಡ!”

“ಬಾದಾಮಿದು ಇರಲಿ,” ಎಂದಳು ಬೋರ್ಗಿಲ್ಡ್.

ಯೋರುನ್ ತೋಳು ಮಡಿಸಿದಳು. “ಸರಿಯಿರಿ. ನಮ್ಮ ಕಚೇರಿಯ ಕಂಪ್ಯೂಟರು ವಾರಕ್ಕೆರಡು ಸಲ ಹೀಗೇ ಮಲಗ್ತದೆ. ನರ್ಸಿನ ಕೆಲಸ ಮಾಡೋದು ಉಳಿದ ಹೊತ್ತಲ್ಲಿ.” ಅವಳು ಕಪ್ಪು ಪರದೆಯೊಂದನ್ನು ತೆರೆಸಿ ಅದರಲ್ಲಿ ಒಂದು ಸಾಲಿನ ಅಪ್ಪಣೆ ಬರೆದಳು. ಪೆಟ್ಟಿಗೆ ತನ್ನ ಕಡತಗಳನ್ನು ಒಂದೊಂದಾಗಿ ತಡಕಿ ನೋಡತೊಡಗಿತು. ಶೇಕಡಾ ಹತ್ತು, ನಲವತ್ತು, ಎಂಬತ್ತು. ಕೊನೆಗೆ, ಹಾಳಾದ ಕಡತಗಳು ಸಿಕ್ಕಿವೆ, ಅವನ್ನು ಸರಿಪಡಿಸಲಾಗಿದೆ ಎಂದಿತು. ಯೋರುನ್ ಅದರ ದಿನಚರಿಯನ್ನೂ ತೆರೆದು ಓದಿದಳು.

“ಹೊಸ ತಿದ್ದುಪಡಿಗಳನ್ನ ಒಳಗೆ ಹಾಕ್ಕೊಳ್ತಿತ್ತು. ‘ದಯವಿಟ್ಟು ಆರಿಸಬೇಡಿ’ ಅಂತ ಬರೆದೂ ಇತ್ತು. ಬುಧವಾರ ಸಂಜೆ ಆರು ಹನ್ನೆರಡಕ್ಕೆ ಯಾರೋ ನಡುವೆ ಪ್ಲಗ್ ಕಿತ್ತಿದ್ದಾರೆ.”

ಅಡುಗೆಮನೆಯಲ್ಲಿದ್ದ ಮೂರು ಜೊತೆ ಕಣ್ಣುಗಳು ವಾಫಲ್ ಕಾವಲಿಯ ಮೇಲೆ ಹರಿದು, ಅಲ್ಲಿಂದ ಹಾಲ್ವರನ ಮೇಲೆ ಬಂದು ನಿಂತವು.

“ನನಗೆ ನೆನಪಿಲ್ಲ,” ಎಂದ ಹಾಲ್ವರ್.

ಯೋರುನ್ ಹಲಗೆ ಎತ್ತಿಕೊಂಡು ಅದರಲ್ಲಿ ಒಂದು ಚೌಕಕ್ಕೆ ಗುರುತು ಹಾಕಿದಳು.

*

ಒಂದೂಮುಕ್ಕಾಲಿಗೆ ಪೆಟ್ಟಿಗೆಗೆ ಎಚ್ಚರವಾಯಿತು. ಹಾಡು ಇತ್ತು. ನಲವತ್ತೈದೂ ನುಡಿಗಳು, ಒಂದು ಪ್ರಾಸವೂ ಕಳೆಯದೆ. ಹಾಲ್ವರ್ ಒಮ್ಮೆ ಪರದೆಯನ್ನು ಸವರಿದ. ಅಚ್ಚಿನ ಅಂಗಡಿಗೆ ಹತ್ತೇ ನಿಮಿಷದ ದಾರಿ. ಹೊರಡುವ ಮೊದಲು ಅವನು ಅತ್ತೆಯ ಕುರ್ಚಿಯನ್ನು ಪರದೆಯ ಮುಂದಕ್ಕೆ ಎಳೆದ.

“ನೀವು ಕಾಪಾಡಿದ್ದು ಏನನ್ನ ಅಂತ ನೀವೇ ನೋಡಬೇಕು, ಅತ್ತೆ. ಭಾನುವಾರಕ್ಕೆ ಅಂತ ಗುಟ್ಟಾಗಿಟ್ಟಿದ್ದೆ. ನಿಮ್ಮದೇ ಬಾಳು. ಎಪ್ಪತ್ತು ಜನ ಎದ್ದು ನಿಂತು ಹಾಡ್ತಾರೆ.”

ಫೋನು ಇನ್ನೂ ಮೇಜಿನ ಮೇಲಿತ್ತು. “ಎಷ್ಟು ನುಡಿ ಅಂತ ಕೇಳಿ, ಅತ್ತೆ,” ಎಂದಿತು ಅದು.

ಬೋರ್ಗಿಲ್ಡ್ ಕನ್ನಡಕ ಹಾಕಿಕೊಂಡು ಓದಿದಳು. ಅವಸರವಿಲ್ಲದೆ ಓದಿದಳು. ಹುಟ್ಟು, ತೊಟ್ಟಿಲು, ಹಾಲುಹಲ್ಲು, ಯುದ್ಧ, ಶಾಲೆ ಎಲ್ಲ ದಾಟಿ ಒಂಬತ್ತನೆಯ ನುಡಿಯ ಬಳಿ ಅವಳ ಬೆರಳು ನಿಂತಿತು. ಅಲ್ಲಿ ಅವಳಿಗೆ ಹದಿನೇಳು ವರ್ಷ. ಟೆಲಿಫೋನಿನ ಕೆಲಸಕ್ಕೆ ಸೇರಿದ ಕಾಲ. ಜನ ಇನ್ನು ಮೇಲೆ ಹೊಸ ರೀತಿಯಲ್ಲಿ ಎಣಿಸಬೇಕೆಂದು ಪಾರ್ಲಿಮೆಂಟು ಕಟ್ಟಳೆ ಮಾಡಿದ ಕಾಲವೂ ಅದೇ. ಅವಳು ಗಟ್ಟಿಯಾಗಿ ಓದಿದಳು.

“‘ಹೊಸ ಎಣಿಕೆ ಬಂದಿತು, ಬೋರ್ಗಿಲ್ಡ್ ನಕ್ಕಳು;
ಹಳೆಯದ ಮರೆತು ಹೊಸತನೆ ಹೊಕ್ಕಳು.’

ನಾನು ನಕ್ಕಿದ್ದಾ?”

“ಪ್ರಾಸಕ್ಕೆ ಬೇಕಾಗಿತ್ತು, ಅತ್ತೆ…”

“ಹೌದು, ಅತ್ತೆ. ನಗಲಿಲ್ಲ, ಮೂರು ವಾರ ಅತ್ತೆ. ಏಳು-ಐವತ್ತು ಅಂತ ನಮ್ಮಮ್ಮ ಕಲಿಸಿದ್ದನ್ನ ಐವತ್ತು-ಏಳು ಅನ್ನು ಅಂತ ಮೇಲಿನವರು ತಲೆ ಮೇಲೆ ನಿಂತ್ರು. ಹಗಲೆಲ್ಲ ಅವರ ಲೆಕ್ಕ ಹೇಳಿ ಮನೆಗೆ ಬಂದು ಕುರಿಗಳನ್ನ ನನ್ನ ಲೆಕ್ಕದಲ್ಲಿ ಎಣಿಸ್ತಿದ್ದೆ. ಹಳೇದು ಒಂದು ದಿನವೂ ಮರೆತಿಲ್ಲ. ಹೊಸದಕ್ಕೆ ಹೊಕ್ಕೂ ಇಲ್ಲ.” ಅವಳು ಕನ್ನಡಕ ತೆಗೆದಳು. “ನನಗೆ ಈ ಹಾಡು ಬೇಡ, ಹಾಲ್ವರ್.”

“ಒಂಬತ್ತನೇದು ಈಗಲೇ ತೆಗೀತೀನಿ. ನಲವತ್ತನಾಲ್ಕು ಉಳೀತದೆ.”

“ಬೇಡ.”

“ಇಪ್ಪತ್ತು? ಇಪ್ಪತ್ತು ಅಂದ್ರೆ ಏನೂ ಅಲ್ಲ, ಅತ್ತೆ. ಎರಡು ಚಳಿಗಾಲ ಬರೆದಿದ್ದೀನಿ!”

“ಮೂವತ್ಮೂರು ವರ್ಷ ಈ ಊರಿನವರ ಮಾತನ್ನೆಲ್ಲ ಈ ಕಿವಿಗೆ ಸಿಕ್ಕಿಸಿಕೊಂಡು ಕೂತಿದ್ದೆ. ಯಾರ ಮಾತು ಎಷ್ಟು ನಿಜ ಅಂತ ನನಗೆ ಗೊತ್ತಿದೆ. ತೊಂಬತ್ತಕ್ಕೆ ನನಗೆ ಬೇಕಿರೋದು ಸ್ವಲ್ಪ ಸದ್ದಿಲ್ಲದ ಹೊತ್ತು. ಮತ್ತೆ ಬಿಸಿ ಮಾಂಸ.”

ಫೋನು ಗಂಟಲು ಸರಿಪಡಿಸಿಕೊಂಡಿತು. “ಅತ್ತೆ, ನನ್ನದು ಆರೇ ನುಡಿ. ಚಪ್ಪಾಳೆ ಬೇಡ ಅಂದ್ರೆ ಅದನ್ನೂ ತೆಗೆದ್ಹಾಕ್ತೀನಿ.”

“ನಿನ್ನದೂ ಬೇಡ.”

ಎರಡು ದಿನಗಳಲ್ಲಿ ಮೊದಲ ಬಾರಿಗೆ ಹಾಲ್ವರನ ಮುಖದಲ್ಲಿ ಒಂದು ಕ್ಷಣ ಬೆಳಕಾಡಿತು. ಆಮೇಲೆ ಅವನು ಗೋಡೆಯ ಗಡಿಯಾರ ನೋಡಿದ. ಎರಡೂಕಾಲು. ಅಂಗಡಿ ಇನ್ನೂ ತೆರೆದಿರುತ್ತದೆ. ಕುರ್ಚಿಯ ಪಕ್ಕ ಮಂಡಿಯೂರಿ ಕೂತ.

“ಒಂದೇ ಒಂದು, ಅತ್ತೆ. ಕೊನೇ ನುಡಿ. ಎರಡೇ ಸಾಲು. ನಿಮ್ಮ ಲೆಕ್ಕದಲ್ಲೇ ತಿರುವಿ ಬರೀತೀನಿ. ಮಾಂಸ ಒಂಚೂರೂ ಆರಲ್ಲ.”

ಬೋರ್ಗಿಲ್ಡ್ ಬಾದಾಮಿ ಕೇಕಿನ ತಟ್ಟೆಯನ್ನು ಹತ್ತಿರ ಎಳೆದುಕೊಂಡಳು.

“ಬೇಡ,” ಎಂದಳು.